ಮರದ ಪಿಸ್ತೂಲಿಗೆ ಕಬ್ಬಿಣದ ಬಣ್ಣ ಕೊಟ್ಟದ್ದು

ಧನ್ಯಾ, ಪವನಾ,

ಕಳೆದ ಭಾನುವಾರ ನೀವು ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಸ್ಟಿಕ್ಕರ್ ಹಾಕಿದಿರಿ. ಬೀಡಿ ಎಲೆಯ ಮೊರವನ್ನು ಮಡಿಲಲ್ಲಿ ಇಟ್ಟುಕೊಂಡ ಒಬ್ಬ ಹೆಂಗಸು. ಅವಳ ಹಣೆಗೆ ಹಿಡಿದ ಪಿಸ್ತೂಲು. ಅವಳ ಬಾಯಿ ತೆರೆದಿದೆ. ಕೆಳಗೆ ‘ನಾಳೆ ಗಣಿತ ಪರೀಕ್ಷೆ’ ಎಂದು ಬರೆದಿತ್ತು. ನಿಮ್ಮ ಅಮ್ಮ ನಗುವ ಮುಖ ಹಾಕಿದಳು, ಮಾವ ಮೂರು ಹಾಕಿದ. ನಾನು ಏನೂ ಹಾಕಲಿಲ್ಲ. ಅಜ್ಜಿಗೆ ಅರ್ಥವಾಗಿರಲಿಕ್ಕಿಲ್ಲ ಎಂದು ನೀವು ತಿಳಿದಿರಬಹುದು.

ಆ ಹೆಂಗಸು ನನಗೆ ಗೊತ್ತು. ನೀವು ಸಣ್ಣವರಿದ್ದಾಗ ರಜೆಗೆ ಬಂದರೆ ಸೆರಗಿನಲ್ಲಿ ಪೇರಳೆ ಕಟ್ಟಿಕೊಂಡು ಬರುತ್ತಿದ್ದಳಲ್ಲ, ಕೆಳಗಿನ ಮನೆಯ ಬೀಡಿಯವಳು, ಅವಳೇ. ನಿಮಗೆ ಗುರುತು ಸಿಗಲಿಲ್ಲ. ಆ ಪಿಸ್ತೂಲೂ ನನಗೆ ಗೊತ್ತು. ಅದನ್ನು ಕೆತ್ತಿದ್ದು ನಮ್ಮ ಶೆಡ್ಡಿನ ಮೇಸ್ತ್ರಿ. ನೋಡಿದವರು ಹೆದರುವ ಹಾಗೆ ಮಾಡಿದ್ದು ನಾನು.

ಬಾಯಿಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಅಂಗಡಿಗೆ ಹೋದರೂ ಸಾಮಾನಿನ ಚೀಟಿ ಬರೆದು ಕೊಟ್ಟು ಸುಮ್ಮನೆ ನಿಲ್ಲುವವಳು ನಾನು. ಆದ್ದರಿಂದ ಬರೆಯುತ್ತೇನೆ.

ನಿಮ್ಮ ಅಜ್ಜ ಹೋದ ಮೇಲೆ ನಾನು ಬದಿಯಡ್ಕ ಪೇಟೆಯ ಹಿಂದಿನ ಮರದ ಶೆಡ್ಡಿನಲ್ಲಿ ಪಾಲೀಶಿನ ಕೆಲಸಕ್ಕೆ ಸೇರಿದ್ದು ನಿಮಗೆ ಗೊತ್ತುಂಟು. ಕುರ್ಚಿ, ಮಂಚ, ದೇವರ ಮಂಟಪ. ಮರಳು ಕಾಗದದಲ್ಲಿ ಉಜ್ಜುವುದು, ಪುಟ್ಟಿ ತುಂಬುವುದು, ಸ್ಪಿರಿಟಿನಲ್ಲಿ ಅರಗು ಕರಗಿಸಿ ಬಟ್ಟೆಯ ಉಂಡೆಯಿಂದ ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ ಹಚ್ಚುವುದು. ಆ ಪಾಲೀಶಿನ ವಾಸನೆ ಎಷ್ಟು ಸಾಬೂನು ಹಾಕಿದರೂ ಸೀರೆಯಿಂದ ಹೋಗುವುದಿಲ್ಲ. ಬೀಡಿಯವಳು ಕಟ್ಟಿದ ಬೀಡಿಗಳನ್ನು ಡಿಪೋಗೆ ಕೊಡಲು ನಾನು ಹೋಗುವ ಬಸ್ಸಿನಲ್ಲೇ ಬರುತ್ತಿದ್ದಳು. ದಿನವೂ ಒಂದೇ ಸೀಟು. ಕೂತ ಕೂಡಲೇ ಮೂಗು ಮುಚ್ಚಿಕೊಂಡು, “ಅಕ್ಕಾ, ನಿಮ್ಮ ಹತ್ರ ಕೂತರೆ ನನಗೆ ಕುಡಿಯದೆ ತಲೆ ತಿರುಗ್ತದೆ. ಕಂಡಕ್ಟರ್ ನನ್ನನ್ನು ಇಳಿಸಿದರೆ ನೀವೇ ಜವಾಬ್ದಾರಿ,” ಎನ್ನುವಳು. ಹತ್ತೊಂಬತ್ತು ವರ್ಷ ಅದೇ ಮಾತು. ನಾನು ಹತ್ತೊಂಬತ್ತು ವರ್ಷವೂ ನಕ್ಕಿದ್ದೇನೆ.

ಬೋವಿಕಾನದ ಆಚೆ ಒಂದು ಹಳೆಯ ಕೆಂಪುಕಲ್ಲಿನ ಮನೆಯನ್ನು ಮಲಯಾಳ ಸಿನೆಮಾದವರು ಬಾಡಿಗೆಗೆ ಹಿಡಿದದ್ದು ಆ ಹತ್ತೊಂಬತ್ತನೆಯ ವರ್ಷ. ಅವರಲ್ಲಿ ಸಾಮಾನು ಸರಂಜಾಮು ಒದಗಿಸುವ ಒಬ್ಬರಿದ್ದರು, ಎಲ್ಲರೂ ‘ಆರ್ಟ್’ ಎಂದು ಕರೆಯುತ್ತಿದ್ದರು. ದಪ್ಪ ಕನ್ನಡಕ, ಮೆಲು ಮಾತು. ನನ್ನನ್ನು ಅವರ ಭಾಷೆಯಲ್ಲಿ ‘ಚೇಚಿ’, ಅಂದರೆ ಅಕ್ಕ, ಎನ್ನುತ್ತಿದ್ದರು. ಅವರಿಗೆ ಬರಬೇಕಾದ ರಬ್ಬರಿನ ಪಿಸ್ತೂಲು ದಾರಿಯಲ್ಲೆಲ್ಲೋ ತಪ್ಪಿಹೋಗಿತ್ತು. ಫೋನಿನಲ್ಲಿ ಚಿತ್ರ ಹಿಡಿದುಕೊಂಡು ಶೆಡ್ಡಿಗೆ ಬಂದರು. ಮೇಸ್ತ್ರಿ ನೋಡಿ, “ಇದೆಂತ ಮಾರಾಯ್ರೆ, ಕೊಡೆಯ ಹಿಡಿ ಹಾಗೆ ಉಂಟು,” ಎಂದು ಬೀಟಿ ಮರದ ಒಂದು ತುಂಡಿನಲ್ಲಿ ಎರಡು ದಿನದಲ್ಲಿ ಕೆತ್ತಿಕೊಟ್ಟರು. ಅಳತೆ ನೂಲಿನಷ್ಟೂ ತಪ್ಪಿರಲಿಲ್ಲ. ಮುಂದಿನ ಕೆಲಸ ನನ್ನ ಮೇಜಿಗೆ ಬಂತು. ಮರದ್ದು ಎಂದು ಹೊರಗೆ ಯಾರಿಗೂ ಹೇಳಬಾರದು ಎಂದು ಆರ್ಟಿನವರು ಇಬ್ಬರಿಗೂ ಹೇಳಿದರು. ಬಸ್ಸಿನಲ್ಲಿ ಬೀಡಿಯವಳು ಕೇಳಿದಾಗ ಸಿನೆಮಾದವರ ಕುರ್ಚಿಗೆ ಪಾಲೀಶು ಎಂದೆ.

ನಾನು ಆವರೆಗೆ ಪಿಸ್ತೂಲು ನೋಡಿದವಳಲ್ಲ. ಹಂದಿ ಹೊಡೆಯುವವರ ಉದ್ದ ಕೋವಿ ನೋಡಿದ್ದೆ, ಅಷ್ಟೆ. ಗೊತ್ತಿದ್ದ ಕೆಲಸವನ್ನೇ ಮಾಡಿದೆ. ಚೆನ್ನಾಗಿ ಉಜ್ಜಿ, ಮರದ ಎಳೆಗಳ ಸಂದಿಗೆ ಪುಟ್ಟಿ ತುಂಬಿ, ಕಪ್ಪು ಕಲಸಿದ ಅರಗನ್ನು ಎಂಟು ಕೈ ಹಚ್ಚಿದೆ. ಮುಖ ಕಾಣುವಷ್ಟು ಹೊಳೆಯಿತು. ಆರ್ಟಿನವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಚೇಚಿ, ಇದನ್ನು ಮದುವೆಗೆ ಉಡುಗೊರೆ ಕೊಡಬಹುದು,” ಎಂದರು. ಮೇಸ್ತ್ರಿ ಹೊಟ್ಟೆ ಹಿಡಿದು ನಕ್ಕರು.

ಎಲ್ಲ ಕೆರೆದು ತೆಗೆದು, ಹೊಳಪಿಲ್ಲದ ಕಪ್ಪು ಬಣ್ಣ ಹೊಡೆದೆ. ಅದನ್ನು ಕೆಮರಾದ ಮುಂದೆ ಹಿಡಿದು ನನ್ನನ್ನೂ ಕರೆದು ತೋರಿಸಿದರು. ಪರದೆಯಲ್ಲಿ ಅದು ಪಟಾಕಿ ಹೊಡೆಯುವ ಆಟದ ಸಾಮಾನಿಗಿಂತ ಕಡೆಯಾಗಿತ್ತು. ನಿರ್ದೇಶಕರು ನನ್ನ ಕಡೆ ನೋಡದೆ, “ಇದನ್ನು ಕಂಡರೆ ನನ್ನ ಬೆಕ್ಕೂ ಹೆದರುವುದಿಲ್ಲ,” ಎಂದರು. ಅಲ್ಲಿ ನಿಂತಿದ್ದ ಇಪ್ಪತ್ತು ಜನರಲ್ಲಿ ನಗದವರು ಯಾರೂ ಇರಲಿಲ್ಲ.

ಆ ನಗುವನ್ನು ನಾನು ಮನೆಗೆ ಹೊತ್ತುಕೊಂಡು ಬಂದೆ. ಹಲಸಿನ ಗುಜ್ಜೆ ಹೆಚ್ಚಲು ಮೆಟ್ಟುಕತ್ತಿಯ ಮುಂದೆ ಕೂತಾಗ ಕಣ್ಣು ಅದರ ಮೇಲೆ ನಿಂತಿತು. ಅತ್ತೆಯ ಕಾಲದ ಕಬ್ಬಿಣ. ಮೈಯೆಲ್ಲ ಕಪ್ಪು. ಆದರೆ ಅಂಚು, ಮೂಲೆ, ಕೈ ತಾಗಿ ತಾಗಿ ಸವೆದ ಜಾಗ ಮಾತ್ರ ಬೆಳ್ಳಗೆ. ಕಬ್ಬಿಣ ಒಂದೇ ಬಣ್ಣದಲ್ಲಿ ಇರುವುದಿಲ್ಲ ಎಂದು ನಲವತ್ತು ವರ್ಷ ಅದರಲ್ಲಿ ತರಕಾರಿ ಹೆಚ್ಚಿದವಳಿಗೆ ಅಂದು ಕಂಡಿತು. ಎಲ್ಲಿ ಸವೆದಿದೆಯೋ ಅಲ್ಲಿ ಅದನ್ನು ಯಾರೋ ಬಳಸಿದ್ದಾರೆ. ಹೊಸ ಪಿಸ್ತೂಲು ಹೆದರಿಸುವುದಿಲ್ಲ. ಬಳಸಿದ ಪಿಸ್ತೂಲು ಹೆದರಿಸುತ್ತದೆ.

ಮಕ್ಕಳ ಪೆನ್ಸಿಲುಗಳನ್ನು ತಂದು, ಸೀಸವನ್ನು ಕುಟ್ಟಿ ಹುಡಿ ಮಾಡಿ, ಹತ್ತಿಯಲ್ಲಿ ಕಪ್ಪು ಬಣ್ಣದ ಮೇಲೆ ತಿಕ್ಕಿದೆ. ಕಪ್ಪು ನಿಧಾನವಾಗಿ ಉಕ್ಕಿನ ಬೂದು ಬಣ್ಣಕ್ಕೆ ತಿರುಗಿತು. ಅಂಚುಗಳಲ್ಲಿ ಹೆಚ್ಚು ತಿಕ್ಕಿದೆ, ಬೆರಳು ಇಡುವಲ್ಲಿ ಇನ್ನೂ ಹೆಚ್ಚು, ಮಧ್ಯೆ ಬಿಟ್ಟೆ. ಹುಡಿ ಕೈಗೆ ಅಂಟಬಾರದೆಂದು ಮೇಲಿನಿಂದ ತೆಳುವಾಗಿ ಒಂದೇ ಕೈ ಅರಗಿನ ಪಾಲೀಶು ಕೊಟ್ಟೆ.

ಬಣ್ಣ ಬಂತು, ಭಾರ ಬರಲಿಲ್ಲ. ಹಿಡಿದವನ ಮಣಿಗಂಟು ಹಗುರವಾಗಿ ಕುಣಿಯುತ್ತಿತ್ತು. ಎರಡು ಬಸ್ಸು ಬದಲಿಸಿ ಹೊಸಂಗಡಿಗೆ ಹೋಗಿ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತಂದೆ. ಮೇಸ್ತ್ರಿ ಹಿಡಿಯನ್ನು ಕೆಳಗಿನಿಂದ ಕೊರೆದು ಕೊಟ್ಟರು. ಗುಂಡುಗಳನ್ನು ತುಂಬಿ ಬಿರಡೆ ಹಾಕಿದೆ. ಮರುದಿನ ನಿರ್ದೇಶಕರು ಎತ್ತಿದಾಗ ಒಳಗಿನಿಂದ ಗಿಲಗಿಲ ಎಂದಿತು. “ತೊಟ್ಟಿಲಿಗೆ ಕಟ್ಟಿ,” ಎಂದು ನನ್ನ ಕೈಗೆ ಎಸೆದರು. ಪುನಃ ಬಿಚ್ಚಿ, ಮರದ ಹುಡಿ ಕಲಸಿದ ಅಂಟಿನಲ್ಲಿ ಒಂದೊಂದೇ ಗುಂಡನ್ನು ಕೂರಿಸಿ ಎರಡು ದಿನ ಒಣಗಿಸಿದೆ. ಈಗ ಮೇಜಿನ ಮೇಲೆ ಇಟ್ಟರೆ ಒಂದು ಸದ್ದು ಬರುತ್ತಿತ್ತು. ಮರದ ಟಕ್ ಅಲ್ಲ. ತೂಕದ, ಮೊಂಡು ಸದ್ದು. ಶೆಡ್ಡಿನಲ್ಲಿ ಗರಗಸ ಎಳೆಯುತ್ತಿದ್ದವರು ತಿರುಗಿ ನೋಡಿದರು.

ಕಡೆಯದು ಬಾಯಿ. ಆರ್ಟಿನವರು ಹೇಳಿದ್ದರು, “ಎದುರು ಕೂತವನು ಪಿಸ್ತೂಲನ್ನು ನೋಡುವುದಿಲ್ಲ ಚೇಚಿ. ತೂತನ್ನು ನೋಡುತ್ತಾನೆ.” ಬಣ್ಣ ಹಚ್ಚಿದ ತೂತು ಬೆಳಕಿಗೆ ಒಳಗಿನಿಂದ ಮಿಂಚುತ್ತಿತ್ತು, ಎರಡಂಗುಲದಲ್ಲಿ ಮುಗಿಯುವುದು ಕಾಣುತ್ತಿತ್ತು. ಕಬ್ಬಿಣದ ಸರಳನ್ನು ಕೆಂಡದಲ್ಲಿ ಕಾಯಿಸಿ ಒಳಗೆ ತೂರಿ ಸುಟ್ಟೆ. ಇದ್ದಿಲಾದ ಮರ ಬೆಳಕನ್ನು ನುಂಗಿತು. ಬಾಯಿಯ ಸುತ್ತ ಮಾತ್ರ ಪೆನ್ಸಿಲಿನ ಹುಡಿಯಲ್ಲಿ ಉಗುರಿನಂಚಿನಷ್ಟು ತೆಳುವಾದ, ಬೂದು ಹೊಳಪಿನ ಬಳೆ. ಆ ಬಳೆಯಿಂದಾಗಿ ಒಳಗಿನ ಕಪ್ಪು ಕೊನೆಯೇ ಇಲ್ಲದ ಹಾಗೆ ಕಂಡಿತು.

ಅದನ್ನು ಬಾಗಿಲಿನ ಕಡೆ ಬಾಯಿ ಮಾಡಿ ಇಟ್ಟೆ. ಅರ್ಧ ದಿನ ಕಳೆದ ಮೇಲೆ ಗಮನಿಸಿದೆ, ಮೇಸ್ತ್ರಿ ನೀರು ಕುಡಿಯಲು ಹೋಗುವಾಗ ನೇರ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದರು. ಅದರ ಹೊಟ್ಟೆಯಲ್ಲಿ ಇರುವುದು ಬಲೆಯ ಸೀಸ ಎಂದು ತಿಳಿದಿದ್ದ ನಾನೂ ಹಾಗೇ ಹೋಗುತ್ತಿದ್ದೆ. “ಇದರ ಮೋರೆ ಆಚೆ ತಿರುಗಿಸಿ ಮಾರಾಯ್ರೆ, ಊಟ ಸೇರುದಿಲ್ಲ,” ಎಂದು ಮೇಸ್ತ್ರಿ ಹೇಳಿದ ದಿನ ನನಗೆ ಆದ ಸಂತೋಷ ಯಾವ ದೇವರ ಮಂಟಪ ಮುಗಿಸಿದಾಗಲೂ ಆಗಿರಲಿಲ್ಲ. ಸುಳ್ಳು ಬರೆಯುವುದಿಲ್ಲ.

ನಿರ್ದೇಶಕರೂ ಮೆಚ್ಚಿದರು. ಆದರೆ ಚಿತ್ರೀಕರಣ ಕೆಟ್ಟಿತು. ಕತೆಯಲ್ಲಿ ಒಬ್ಬ ರೌಡಿ ಬೀಡಿ ಕಟ್ಟುವ ಹೆಂಗಸಿನ ಮನೆಗೆ ಬಂದು ಮಗ ಎಲ್ಲಿ ಎಂದು ಕೇಳುತ್ತಾನೆ. ಆ ಹೆಂಗಸಿನ ಪಾತ್ರಕ್ಕೆ ದೂರದಿಂದ ಬಂದ ನಟಿ ಬೀಡಿ ಕಟ್ಟಲೂ ಅರಿಯಳು, ಹೆದರಲೂ ಅರಿಯಳು. ಹದಿನಾಲ್ಕು ಸಲ ತೆಗೆದರು. ಹದಿನಾಲ್ಕು ಸಲವೂ ಅವಳು ಕಣ್ಣನ್ನು ಅಗಲ ಮಾಡಿದಳು. “ಪಿಸ್ತೂಲು ಸರಿ ಇದೆ, ಮುಖ ಸುಳ್ಳು,” ಎಂದು ನಿರ್ದೇಶಕರು ಕುರ್ಚಿ ಒದ್ದು ಎದ್ದುಹೋದರು.

ಆರ್ಟಿನವರು ನನ್ನ ಪಕ್ಕ ಬಂದು ಕೂತು ಚಹಾ ಕೊಟ್ಟರು. “ಚೇಚಿ, ನಿಮ್ಮ ಕಡೆ ನಿಜವಾಗಿ ಬೀಡಿ ಕಟ್ಟುವವರು ಇದ್ದಾರಾ? ಕೋವಿ ಕಂಡರೆ ಆಗದವರು?”

ಅಷ್ಟು ದಿನದಲ್ಲಿ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ಮಾತು ತಾನಾಗಿ ಬಂತು. ಕೆಳಗಿನ ಮನೆಯವಳ ವಿಷಯ ಹೇಳಿದೆ. ಪಂಚಾಯತಿನ ಅನುಮತಿ ಪಡೆದು ಹಂದಿ ಹೊಡೆಯುವವರು ನಮ್ಮ ಗುಡ್ಡಕ್ಕೆ ಬಂದರೆ ಅವಳು ಬಾಗಿಲು ಹಾಕಿ ಒಳಗೆ ಕೂರುತ್ತಾಳೆ ಎಂದು ಹೇಳಿದೆ. ಅವಳ ಅಣ್ಣ ಹಿಂದೆ ಸೊಪ್ಪು ತರಲು ಹೋದಾಗ ಹಂದಿಗೆ ಇಟ್ಟ ಗುರಿ ತಪ್ಪಿ ಕುತ್ತಿಗೆಗೆ ಚರೆ, ಕೋವಿಯ ಸಣ್ಣ ಸೀಸದ ಕಾಳು, ಹೊಕ್ಕು ಸತ್ತದ್ದನ್ನೂ, ಪ್ರಾಣ ಹೋಗುವಾಗ ಅವನ ತಲೆ ಇವಳ ಮಡಿಲಲ್ಲಿ ಇದ್ದದ್ದನ್ನೂ ಹೇಳಿದೆ. ಅವಳು ಇದನ್ನು ನನಗೊಬ್ಬಳಿಗೇ ಹೇಳಿದ್ದಳು, ಬಸ್ಸಿನಲ್ಲಿ, ಒಂದೇ ಒಂದು ಸಲ. ಆರ್ಟಿನವರು ಚಹಾ ಕುಡಿಯುವುದನ್ನು ನಿಲ್ಲಿಸಿ ಕೇಳಿದರು. ಚೆನ್ನಾಗಿ ಹೇಳುತ್ತೀರಿ ಚೇಚಿ ಎಂದರು.

ಎರಡು ದಿನದಲ್ಲಿ ಜೀಪು ಅವಳ ಮನೆಗೆ ಹೋಯಿತು. ಮರುದಿನ ಬಸ್ಸಿನಲ್ಲಿ ಅವಳು ನನ್ನ ತೊಡೆಗೆ ಹೊಡೆದು, “ಅಕ್ಕಾ, ನನ್ನನ್ನು ಸಿನೆಮಾಕ್ಕೆ ಕರೆದಿದ್ದಾರೆ! ಸುಮ್ಮನೆ ಕೂತು ಬೀಡಿ ಕಟ್ಟುದಂತೆ. ಅದಕ್ಕೆ ನನ್ನಷ್ಟು ಚಂದದವರು ಸಿಗಲಿಲ್ಲವಂತೆ. ನೀವು ಹೊಟ್ಟೆಕಿಚ್ಚು ಮಾಡಬೇಡಿ ಆಯ್ತಾ,” ಎಂದಳು. ಪಿಸ್ತೂಲಿನ ವಿಷಯ ಅವರು ಅವಳಿಗೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಸೆಟ್ಟಿನಲ್ಲಿ ತಿಳಿಸುತ್ತಾರೆ ಎಂದುಕೊಂಡೆ.

ಸೆಟ್ಟಿನಲ್ಲಿ ತಿಳಿಸಿದರು. ಬೆಳಗ್ಗೆ ಹನ್ನೊಂದರ ಬಿಸಿಲು. ಊರಿನವರು ಬೇಲಿಯ ಹೊರಗೆ ಗುಂಪಾಗಿ ನಿಂತಿದ್ದರು. ಅವಳನ್ನು ಜಗಲಿಯಲ್ಲಿ ಮೊರದ ಮುಂದೆ ಕೂರಿಸಿದರು. ಆಗ ಹೊಡೆದಾಟ ಕಲಿಸುವ ದಪ್ಪ ಮನುಷ್ಯ ಬೀಗ ಹಾಕಿದ ಒಂದು ಕಬ್ಬಿಣದ ಪೆಟ್ಟಿಗೆ ತಂದ. ಎಲ್ಲರನ್ನೂ ಹತ್ತು ಹೆಜ್ಜೆ ಹಿಂದೆ ಸರಿಸಿದ. ಪೆಟ್ಟಿಗೆ ತೆರೆದು, ಕೆಂಪು ಬಟ್ಟೆ ಬಿಡಿಸಿ, ನಾನು ಮಾಡಿದ್ದನ್ನು ಎರಡು ಕೈಯಲ್ಲಿ ಎತ್ತಿದ. “ಅಮ್ಮಾ, ಇದು ನಿಜವಾದದ್ದು. ಮುಂದಿನ ಸೀನಿಗೆ ಬೇಕೆಂದು ತುಂಬಿಸಿಯೇ ಇಟ್ಟಿದ್ದೇವೆ. ಅಲುಗಾಡಬೇಡಿ. ಹಿಡಿಯುವ ಹುಡುಗ ಹೊಸಬ,” ಎಂದ. ಅವಳ ಹತ್ತಿರ ಬಗ್ಗಿ ಇನ್ನೊಂದು ಮಾತು ಸೇರಿಸಿದ. “ನಿಮ್ಮ ಅಣ್ಣನಿಗೆ ತಾಗಿದ್ದು ಚರೆ. ಇದು ಚರೆ ಅಲ್ಲ, ಗುಂಡು.” ಆಮೇಲೆ ಒಂದು ಕಾಗದ ಕೊಟ್ಟು, ನಿಜವಾದ ಆಯುಧ ಎಂದು ತಿಳಿಸಿದ್ದಾರೆ ಎಂಬುದರ ಕೆಳಗೆ ಸಹಿ ಹಾಕಿಸಿದರು. ಅವಳು ಹಾಕಿದಳು. ಎದ್ದುಹೋಗಲು ಅವಳಿಗೆ ತಿಳಿಯಲಿಲ್ಲ. ಬೇಲಿಯ ಹೊರಗೆ ಅವಳ ಮಗಳು ಫೋನು ಹಿಡಿದು ನಿಂತಿದ್ದಳು.

ಸಹಿ ಹಾಕಿ ಅವಳು ನನ್ನನ್ನು ನೋಡಿದಳು. ನಾನು ಪಾಲೀಶಿನ ಡಬ್ಬಿ ಹಿಡಿದು ಕೆಮರಾದ ಪಕ್ಕ ನಿಂತಿದ್ದೆ. ತುಟಿ ಅಲುಗಾಡಿಸದೆ ಕಣ್ಣಿನಲ್ಲೇ ಕೇಳಿದಳು. ನಿರ್ದೇಶಕರು ಅದನ್ನು ಗಮನಿಸಿದರು. “ಚೇಚಿಗೆ ಎಲ್ಲ ಗೊತ್ತಲ್ಲ. ಅಲ್ವಾ ಚೇಚಿ, ನಿಜದ್ದೇ ಅಲ್ವಾ?”

ಎಲ್ಲರೂ ನನ್ನ ಕಡೆ ತಿರುಗಿದರು. ಅಲ್ಲ ಎನ್ನಲು ಒಂದೇ ಮಾತು ಸಾಕಿತ್ತು. ಅಷ್ಟು ಜನರ ಎದುರು ಬಾಯಿ ತೆರೆಯಲು ನಾಚಿಕೆಯಾಯಿತು ಎಂದು ನಾನು ಬಹಳ ಕಾಲ ನನಗೇ ಹೇಳಿಕೊಂಡಿದ್ದೆ. ಅದು ಅರ್ಧ ನಿಜ. ಇನ್ನರ್ಧ ಇದು: ಐದು ವಾರ ಉಜ್ಜಿದ್ದೆ, ಮೂರು ಸಲ ನಗೆಪಾಟಲಾಗಿದ್ದೆ. ಅದು ಒಬ್ಬರನ್ನು ಹೆದರಿಸುತ್ತದೋ ಇಲ್ಲವೋ ನನಗೆ ನೋಡಬೇಕಿತ್ತು.

ನಾನು ಹೌದೆಂದು ತಲೆ ಆಡಿಸಿದೆ.

ರೌಡಿಯ ಪಾತ್ರದವನು ಮೆಟ್ಟಿಲು ಹತ್ತಿ ಬಂದು ಪಿಸ್ತೂಲನ್ನು ಮೊದಲು ಮೊರದಲ್ಲಿ ಇಟ್ಟ. ಆ ಸದ್ದು ಬಂತು. ಎಲೆಗಳು ಹಾರಿದವು. ಮಗ ಎಲ್ಲಿ ಎಂದು ಕೇಳಿದ. ಅವನು ಪಿಸ್ತೂಲು ಎತ್ತಿ ಅವಳ ಮುಖದ ಮುಂದೆ ಹಿಡಿದ. ಅವಳ ಕಣ್ಣು ಆ ಕಪ್ಪು ಬಾಯಿಯ ಮೇಲೆ ನಿಂತುಹೋಯಿತು. ಆಮೇಲೆ ಅದನ್ನು ಹಣೆಗೆ ಒತ್ತಿದ. ಕೈಗಳು ಮಾತ್ರ ಬೀಡಿ ಕಟ್ಟುತ್ತಲೇ ಇದ್ದವು. ಕೈಯಲ್ಲಿ ಎಲೆ ಇರಲಿಲ್ಲ, ಹೊಗೆಸೊಪ್ಪು ಇರಲಿಲ್ಲ, ನೂಲು ಇರಲಿಲ್ಲ. ಬರಿ ಬೆರಳುಗಳು ಮಡಚಿ, ಸುತ್ತಿ, ನೂಲು ಬಿಗಿದು, ಪುನಃ ಮಡಚಿ. ಅವಳ ಸೀರೆಯ ಕೆಳಗೆ ಜಗಲಿಯ ಕೆಂಪು ನೆಲ ಒದ್ದೆಯಾಗತೊಡಗಿತು. ಬೇಲಿಯ ಹೊರಗೆ ಯಾರೋ ನಕ್ಕರು. ಅವಳು ತಲೆಯನ್ನು ಅಲುಗಿಸದೆ ಕಣ್ಣನ್ನು ಮಾತ್ರ ನನ್ನ ಕಡೆ ತಿರುಗಿಸಿ ಬಾಯಿ ತೆರೆದಳು.

“ಅಕ್ಕಾ, ಹೇಳಿ ಇವರಿಗೆ.”

ನಿರ್ದೇಶಕರು ಕೂಡಲೇ ನಿಲ್ಲಿಸಲಿಲ್ಲ. ಅವಳು ಬಾಯಿ ಮುಚ್ಚುವವರೆಗೆ ಅವಳ ಮುಖವನ್ನೇ ತೆಗೆದರು.

ಆಮೇಲೆ ಚಪ್ಪಾಳೆ. ಆರ್ಟಿನವರು ಓಡಿಬಂದು ನನ್ನ ಎರಡೂ ಕೈ ಹಿಡಿದರು. ನಿರ್ದೇಶಕರು ಪಿಸ್ತೂಲಿನ ಹಿಂಬದಿಯನ್ನು ಉಗುರಿನಿಂದ ಕೆರೆದು ಅವಳಿಗೆ ತೋರಿಸಿದರು. “ಮರ ಅಮ್ಮಾ! ಬರೀ ಮರ! ಮರಕ್ಕೆ ಇಷ್ಟು ಹೆದರುವುದಾ?” ಬೇಲಿಯವರೆಲ್ಲ ಈಗ ಗಟ್ಟಿಯಾಗಿ ನಕ್ಕರು. ಮಗಳು ಫೋನು ಕೆಳಗಿಳಿಸಿದ್ದಳು, ನಗಲಿಲ್ಲ, ಒಳಗೂ ಬರಲಿಲ್ಲ.

ಅವಳು ಕೈ ಚಾಚಿ ಅದನ್ನು ಕೇಳಿದಳು. ಕೊಟ್ಟರು. ತೂಕ ನೋಡಿದಳು. ಆಮೇಲೆ ಮೂಗಿನ ಹತ್ತಿರ ತಂದಳು. ಆ ಒಂದು ತೆಳು ಕೈ ಪಾಲೀಶಿನ ವಾಸನೆ. ಹತ್ತೊಂಬತ್ತು ವರ್ಷ ಬಸ್ಸಿನ ಸೀಟಿನಲ್ಲಿ ಕುಡಿದ ವಾಸನೆ. ಅವಳು ನನ್ನನ್ನು ನೋಡಿದಳು.

“ಒಳ್ಳೆ ಕೆಲಸ ಅಕ್ಕ,” ಎಂದಳು. “ಮರ ಅಂತ ಗೊತ್ತೇ ಆಗುದಿಲ್ಲ.”

ಮೊರವನ್ನು ಒದ್ದೆ ಸೀರೆಗೆ ಅಡ್ಡ ಹಿಡಿದುಕೊಂಡು ಎದ್ದುಹೋದಳು. ಜೀಪು ಹತ್ತಲಿಲ್ಲ. ಬೋವಿಕಾನ ಪೇಟೆಯವರೆಗೆ ನಡೆದೇ ಹೋದಳು ಎಂದು ಕೇಳಿದೆ.

ಮರುದಿನದಿಂದ ಆ ಬಸ್ಸಿಗೆ ಅವಳು ಬರಲಿಲ್ಲ. ಬೀಡಿಯನ್ನು ಮಗಳ ಕೈಯಲ್ಲಿ ಕಳಿಸತೊಡಗಿದಳು. ತಿಂಗಳು ಕಳೆದು ನಾನು ಅವಳ ಮನೆಗೆ ಹೋದೆ. ಜಗಲಿಯಲ್ಲಿ ಕೂತಿದ್ದಳು. ಕೂತ್ಕೊಳ್ಳಿ ಅಂದಳು, ಬೆಲ್ಲ ನೀರು ಕೊಟ್ಟಳು. ತಪ್ಪಾಯಿತು ಎಂದು ಹೇಳುವಷ್ಟು ಧೈರ್ಯವನ್ನು ನಾನು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದೆ. ಹೇಳಿದೆ ಕೂಡ. ಅವಳು ನೂಲನ್ನು ಹಲ್ಲಿನಲ್ಲಿ ಕಡಿದು, “ತಲೆ ಆಡಿಸಿದ್ದು ಬಿಡಿ ಅಕ್ಕ. ಅವರೆಲ್ಲ ಸೇರಿ ಕೇಳಿದರೆ ನೀವಾದ್ರೂ ಎಂತ ಮಾಡುದು. ನನಗೆ ಒಂದೇ ಗೊತ್ತಾಗಬೇಕು. ಅಣ್ಣನ ವಿಷಯ ಅವರಿಗೆ ಹೇಳಿದ್ದು ಯಾರು?” ಎಂದಳು.

ನಾನು ಬೆಲ್ಲ ನೀರು ಕುಡಿದೆ. ಲೋಟ ಕೆಳಗಿಟ್ಟೆ. ಗೊತ್ತಿಲ್ಲ ಎಂದೆ.

ಅವಳು ನನ್ನ ಮುಖ ನೋಡಿ, “ಹೌದಾ,” ಎಂದಳು. ಪುನಃ ಎಲೆ ಕತ್ತರಿಸತೊಡಗಿದಳು. ಅನಂತರ ನಾನು ಹೋಗಲಿಲ್ಲ.

ಸಿನೆಮಾ ಬಂತು. ಪಿಸ್ತೂಲಿನ ದೃಶ್ಯವನ್ನು ಎಲ್ಲರೂ ಹೊಗಳಿದರು. ಆಮೇಲೆ ಅದನ್ನು ಯಾರೋ ಕತ್ತರಿಸಿ ಸ್ಟಿಕ್ಕರ್ ಮಾಡಿದರು. ಅಪರೂಪಕ್ಕೆ ಬೇರೆ ಬಸ್ಸಿನಲ್ಲಿ ಬಂದು ಅವಳು ಬದಿಯಡ್ಕದಲ್ಲಿ ಇಳಿದರೆ ಆಟೋದವರು ಎರಡು ಬೆರಳು ಹಣೆಗೆ ಇಟ್ಟುಕೊಂಡು, “ಬೀಡಿಯಕ್ಕ, ಇದು ಮರದ್ದು, ಹೆದರಬೇಡಿ,” ಎನ್ನುತ್ತಿದ್ದರು. ಈಗ ಪೇಟೆಗೆ ಬರುವುದನ್ನೇ ಬಿಟ್ಟಿದ್ದಾಳೆ. ಮರದ ತುಂಡಿಗೆ ಹೆದರಿ ಸೀರೆ ಒದ್ದೆ ಮಾಡಿಕೊಂಡವಳು ಎಂದೇ ಅವಳ ಹೆಸರು. ನಿಜವಾದದ್ದು ಎಂದು ಸಹಿ ಹಾಕಿಸಿದ್ದು, ಸತ್ತ ಅಣ್ಣನ ಮಾತು ತೆಗೆದದ್ದು, ಗುರುತಿನ ಒಬ್ಬಳು ತಲೆ ಆಡಿಸಿದ್ದು ಯಾವ ಸ್ಟಿಕ್ಕರಿನಲ್ಲೂ ಇಲ್ಲ.

ಸಿನೆಮಾದಲ್ಲಿ ಅಲ್ಲಿ ಸಂಗೀತ ಹಾಕಿದ್ದಾರೆ, ಅವಳ ದನಿ ಇಲ್ಲ. ಬೊಬ್ಬೆ ಹೊಡೆಯುತ್ತಿದ್ದಾಳೆ ಎಂದು ನೀವು ತಿಳಿದಿದ್ದೀರಿ. ಬೊಬ್ಬೆ ಅಲ್ಲ ಮಕ್ಕಳೇ. ಅವಳು ನಿಮ್ಮ ಅಜ್ಜಿಯನ್ನು ಕರೆಯುತ್ತಿದ್ದಾಳೆ.

ಈ ಹಾಳೆಗಳನ್ನು ಒಂದು ದಿನ ಅವಳ ಮಗಳಿಗೆ ತೋರಿಸಿ. ಅಣ್ಣನ ವಿಷಯ ಹೇಳಿದವಳು ಯಾರೆಂದು ಇದರಲ್ಲಿ ಉಂಟು. ನಾನೇ ಕೊಡಬೇಕಿತ್ತು. ಅವರ ಮನೆಯ ಗೇಟಿನವರೆಗೆ ಎರಡು ಸಲ ಹೋಗಿ ಬಂದೆ. ಅಲ್ಲಿಯವರೆಗೆ ಒದ್ದೆ ತಾಗದ ಜಾಗದಲ್ಲಿ ಇಡಿ, ಇಲಿ ಮುಟ್ಟದ ಹಾಗೆ ಡಬ್ಬಿಯಲ್ಲಿ ಹಾಕಿ. ಆ ಸ್ಟಿಕ್ಕರ್ ಯಾರದಾದರೂ ಫೋನಿನಲ್ಲಿ ಇರುವಷ್ಟು ಕಾಲ ಇವನ್ನೂ ಬಿಸಾಡಬೇಡಿ.